ಕೆವೂನ್ಯಾ ಕಾಡಿನಲ್ಲಿ ಆರು ದಿನ, ಒಂದು ಮುಯ್ಯಾಳು

ದಿನ 1: ಕುಸ್ಕೊ

ವಿಮಾನದಿಂದ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಉಸಿರು ಕಟ್ಟಿದ ಹಾಗಾಯಿತು. ಪೆರು ದೇಶದ ಕುಸ್ಕೊ ಊರು ಇರುವುದು 3,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತಲೆ ಮೇಲೆ ಕೊಡಚಾದ್ರಿಯನ್ನು ತಂದು ಕೂರಿಸಿದರೂ ಈ ಊರಿನ ಪೇಟೆಬೀದಿಯ ಎತ್ತರಕ್ಕೆ ಬರುವುದಿಲ್ಲ. ಹೋಟೆಲಿನವರು ಕೋಕಾ ಎಲೆಯ ಚಹಾ ಕೊಟ್ಟರು. ಹುಲ್ಲಿನ ವಾಸನೆ, ಸ್ವಲ್ಪ ಒಗರು. ತಲೆನೋವು ಸಂಜೆ ಹೊತ್ತಿಗೆ ಇಳಿಯಿತು. ನನ್ನ ಚೀಲ ಮಾತ್ರ ವಿಮಾನದ ಜೊತೆ ಬರಲಿಲ್ಲ, ಮಳೆ ಕೋಟು ಅದರಲ್ಲೇ ಇತ್ತು.

ಜೊತೆಗೆ ಬಂದವರು ನಮ್ಮ ಭಾವ. ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಮೆಣಸು, ಸ್ವಲ್ಪ ಗದ್ದೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ರಜೆ ಸಿಕ್ಕಾಗ ಹಕ್ಕಿ ನೋಡುವವನು. ಹಕ್ಕಿಗೋಸ್ಕರ ಇಷ್ಟು ದೂರ ಹೋಗ್ತೀಯಾ ಎಂದು ಭಾವ ಕೇಳಿದ್ದರು. ಹಕ್ಕಿ ಒಂದೇ ಅಲ್ಲ ಭಾವ, ಅಲ್ಲಿ ಹಳ್ಳಿಯವರೇ ಸೇರಿ ಬೆಟ್ಟದ ಕಾಡನ್ನು ವಾಪಸ್ ಬೆಳೆಸುತ್ತಿದ್ದಾರೆ ಅಂದೆ. "ಹಂಗಾದ್ರೆ ನಾನೂ ಬರ್ತೀನಿ, ಹೆಂಗೆ ಮಾಡ್ತಾರೆ ನೋಡ್ಬೇಕು" ಅಂದರು. ತೋಟಕ್ಕೆ ಸೊಪ್ಪು ಕೊಡುವ ಅವರ ಸೊಪ್ಪಿನ ಬೆಟ್ಟ ಬೋಳಾಗುತ್ತಿರುವ ಚಿಂತೆ ಅವರಿಗೆ ಬಹಳ ವರ್ಷಗಳಿಂದ ಇದೆ.

ಆಂಡಿಸ್ ಪರ್ವತದ ಎತ್ತರದಲ್ಲಿ ಬೆಳೆಯುವ ಆ ಮರದ ಹೆಸರು ಕೆವೂನ್ಯಾ. ವಿಜ್ಞಾನಿಗಳು ಪಾಲಿಲೆಪಿಸ್ ಎನ್ನುತ್ತಾರೆ, ಪದರಪದರ ಸಿಪ್ಪೆಯದು ಎಂಬ ಅರ್ಥದಲ್ಲಿ. ಹೆಚ್ಚಿನ ಮರಗಳು ಬದುಕದ ಎತ್ತರದಲ್ಲಿ, 4,000 ಮೀಟರ್ ದಾಟಿದ ಮೇಲೂ, ಇದು ಕಾಡಾಗಿ ಬೆಳೆಯುತ್ತದೆ. ಗುಲಾಬಿ, ಸೇಬಿನ ಕುಟುಂಬಕ್ಕೇ ಸೇರಿದ್ದು. ಶತಮಾನಗಳಿಂದ ಉರುವಲಿಗೆ ಕಡಿದು, ಹುಲ್ಲು ಚಿಗುರಲಿ ಎಂದು ಬೆಂಕಿ ಹಾಕಿ, ಕುರಿ ದನ ಮೇಯಿಸಿ, ಈಗ ಇಡೀ ಆಂಡಿಸ್‌ನಲ್ಲಿ ಉಳಿದಿರುವುದು ಸುಮಾರು 5 ಲಕ್ಷ ಹೆಕ್ಟೇರ್. ಅದೂ ಒಂದೇ ಕಡೆ ಅಲ್ಲ, ಚೂರು ಚೂರಾಗಿ.

ಕುಸ್ಕೊದವರೇ ಆದ ಕಾನ್‌ಸ್ಟಂಟಿನೊ ಔಕಾ ಚುಟಾಸ್ ಎಂಬ ಜೀವವಿಜ್ಞಾನಿ 2000ದಲ್ಲಿ ಇಕೋಆನ್ ಎಂಬ ಸಂಸ್ಥೆಯನ್ನು ಸ್ನೇಹಿತರ ಜೊತೆ ಕಟ್ಟಿದರು. ಅವರ ಅಜ್ಜ ಅಜ್ಜಿ ಕೆಚುವಾ ಭಾಷೆಯಾಡುವ ರೈತರು. 2018ರಲ್ಲಿ ಕಾಡು ಬೆಳೆಸುವ ಈ ಕೆಲಸ ದೊಡ್ಡದಾಗಿ ಆಕ್ಸಿಯೋನ್ ಆಂದಿನಾ ಎಂಬ ಕೂಟವಾಯಿತು. ಈಗ ಪೆರು, ಬೊಲಿವಿಯಾ, ಈಕ್ವೆಡಾರ್, ಚಿಲಿ, ಅರ್ಜೆಂಟೀನಾ ಐದೂ ದೇಶಗಳ ಬೆಟ್ಟದ ಊರುಗಳು ಅದರಲ್ಲಿವೆ.

ದಿನ 2: ನರ್ಸರಿ

ಬೆಳಿಗ್ಗೆ ವ್ಯಾನಿನಲ್ಲಿ ಒಯಾಂಟಾಯ್‌ಟಾಂಬೊಗೆ ಬಂದೆವು. ಕುಸ್ಕೊಗಿಂತ ತಗ್ಗು, ಉಸಿರಾಟ ಹಗುರ. ಇಂಕಾಗಳ ಕಾಲದ ಕಲ್ಲಿನ ಓಣಿಗಳು, ಪ್ರತಿ ಓಣಿಯ ಪಕ್ಕದಲ್ಲೂ ಕಲ್ಲುಕಾಲುವೆ, ಅದರಲ್ಲಿ ಇಂದಿಗೂ ಬೆಟ್ಟದ ನೀರು ಸದ್ದು ಮಾಡುತ್ತಾ ಹರಿಯುತ್ತದೆ. ಭಾವ ಬಗ್ಗಿ ಕೈ ಅದ್ದಿದರು. ಕೊರೆಯುವ ತಣ್ಣಗಿನ ನೀರು. "ಮೇಲೆ ಕಾಡು ಹೋದ್ರೆ ಇದೂ ಹೋಯ್ತು" ಎಂದು ನಮ್ಮ ಗೈಡ್ ಹೇಳಿದರು. ಅವರು ಕುಸ್ಕೊ ಕಡೆಯವರು, ಕೆಚುವಾ ಮನೆಮಾತು, ನಮ್ಮ ಜೊತೆ ಇಂಗ್ಲಿಷ್. ನಾನು ಭಾವನಿಗೆ ಕನ್ನಡ ಮಾಡಿ ಹೇಳುತ್ತಿದ್ದೆ.

ಅವರು ಹೇಳಿದ್ದು ಸುಮ್ನೆ ಮಾತಲ್ಲ. ಪೆರುವಿನ ಹಿಮನದಿಗಳು ಕಳೆದ ಅರವತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗಿಹೋಗಿವೆ. ಇನ್ನು ನೀರು ಹಿಡಿದಿಡಲು ಇರುವುದು ಮೇಲಿನ ಜೌಗು, ಹುಲ್ಲು ಮತ್ತು ಈ ಮರಗಳು. ಕೆವೂನ್ಯಾದ ಕೊಂಬೆಗೆ, ಅದರ ಮೇಲಿನ ಪಾಚಿಗೆ ಮಂಜು ತಾಗಿ ಹನಿಯಾಗುತ್ತದೆ. ಹನಿ ಬುಡಕ್ಕೆ ಇಳಿದು, ಬುಡದ ಪಾಚಿಯಲ್ಲಿ ನಿಂತು, ನಿಧಾನಕ್ಕೆ ತೊರೆಗೆ ಬರುತ್ತದೆ. ನಮ್ಮ ಶೋಲಾ ಕಾಡು ಮಾಡುವ ಕೆಲಸವೇ, ಅಲ್ವಾ?

ಪಟಕಂಚ ಕಣಿವೆಯ ಮೇಲೆ ಹೋಗುವಾಗ ನಾನು ಮೊದಲು ಗುರುತು ಹಿಡಿದ ಮರ ನೀಲಗಿರಿ! ಆಸ್ಟ್ರೇಲಿಯಾದಿಂದ 19ನೇ ಶತಮಾನದಲ್ಲಿ ತಂದದ್ದು. ಕಣಿವೆಯ ಕೆಳಗೆಲ್ಲ ಅದೇ. ಭಾವ ಏನೂ ಮಾತಾಡಲಿಲ್ಲ, ಕಿಟಕಿಯಿಂದ ನೋಡುತ್ತಲೇ ಇದ್ದರು. ಅವರ ಊರಿನ ಸುತ್ತ ಗುಡ್ಡಗಳಿಗೆ ಅಕೇಶಿಯಾ ಬಂದದ್ದನ್ನು ಅವರು ಕಣ್ಣಾರೆ ಕಂಡವರು.

ನರ್ಸರಿ ಒಂದು ಹಳ್ಳಿಯ ಅಂಚಿನಲ್ಲಿತ್ತು. ನೆರಳು ಬಲೆ, ಕೆಳಗೆ ಸಾಲು ಸಾಲು ಪ್ಲಾಸ್ಟಿಕ್ ಕೊಟ್ಟೆಗಳು. ಆರೇಳು ಹೆಂಗಸರು ನೆಲದ ಮೇಲೆ ಕೂತು ಮಣ್ಣು ತುಂಬುತ್ತಿದ್ದರು. ಬೀಜದಿಂದ ಗಿಡ ಮಾಡುವುದು ಇಲ್ಲಿ ಕಷ್ಟ, ಬಹಳಷ್ಟು ಬೀಜ ಜೊಳ್ಳು. ಹಾಗಾಗಿ ಒಳ್ಳೆ ಮರದಿಂದ ಕೈಬೆರಳು ಗಾತ್ರದ ತುಂಡು ತರುತ್ತಾರೆ. ಒಬ್ಬ ಅಜ್ಜಿ ತುಂಡೊಂದನ್ನು ನನ್ನ ಕೈಗೆ ಕೊಟ್ಟು, ಹಳೆ ಸಿಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿ ತೋರಿಸಿದರು. ಗಿಣ್ಣಿನ ಹತ್ತಿರ ಸಾಸಿವೆ ಕಾಳಿನಂಥ ಉಬ್ಬುಗಳು. ಬೇರು ಅಲ್ಲಿಂದಲೇ ಹೊರಡುತ್ತದೆ. ಆ ಉಬ್ಬು ಮಣ್ಣಿನ ಒಳಗೆ ಹೋಗಬೇಕು, ಇಲ್ಲದಿದ್ದರೆ ತುಂಡು ಒಣಗುತ್ತದೆ.

"ಇದು ನಮ್ಮ ಹಾಲುವಾಣದ ಗೂಟ ಊರಿದಂಗೇ" ಅಂದರು ಭಾವ. ಮೆಣಸಿನ ಬಳ್ಳಿ ಹಬ್ಬಿಸಲು ಮಳೆಗಾಲದ ಮೊದಲಿಗೆ ಹಾಲುವಾಣ ನೆಟ್ಟು ನೆಟ್ಟು ಅಭ್ಯಾಸ ಅವರಿಗೆ. ಕೇಳುವ ಮೊದಲೇ ಕೂತು ಕೊಟ್ಟೆ ತುಂಬಲು ಶುರು ಮಾಡಿದರು. ಅಜ್ಜಿ ಅವರ ಮೊದಲ ಕೊಟ್ಟೆಯನ್ನು ಎತ್ತಿ ನೋಡಿ, ಮಣ್ಣು ಸಡಿಲ ಆಯಿತು ಎಂದು ವಾಪಸ್ ಕೊಟ್ಟರು. ಎರಡನೆಯದು ಪಾಸಾಯಿತು.

ಗಿಡ ನೆಡಲು ತಯಾರಾಗಲು ವರ್ಷವಾದರೂ ಬೇಕು. ಕೊನೆಯ ಕೆಲವು ತಿಂಗಳು ಬಲೆ ತೆಗೆದು ಚಳಿಗೆ ಒಗ್ಗಿಸುತ್ತಾರೆ. ರಾತ್ರಿ ಹಿಮ ಬೀಳುವ ಜಾಗಕ್ಕೆ ಹೋಗಬೇಕಾದ ಗಿಡವನ್ನು ಮುದ್ದು ಮಾಡಿ ಸಾಕಿದರೆ ಆಗುವುದಿಲ್ಲ ಎಂದರು ಅಜ್ಜಿ. ಆ ರಾತ್ರಿ ಅವರ ಮನೆಯಲ್ಲೇ ನಮ್ಮ ವಾಸ.

ದಿನ 3: ಅಬ್ರಾ ಮಲಗಾ

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಅಬ್ರಾ ಮಲಗಾ ಎಂದರೆ ಒಂದು ಘಾಟಿಯ ನೆತ್ತಿ, 4,316 ಮೀಟರ್. ಎದುರಿಗೆ ವೆರೋನಿಕಾ ಹಿಮಶಿಖರ ಮೋಡದ ಸಂದಿಯಲ್ಲಿ ಎರಡೇ ನಿಮಿಷ ಕಂಡಿತು. ರಸ್ತೆ ಬಿಟ್ಟು ಹುಲ್ಲಿನ ಇಳಿಜಾರು ಹಿಡಿದೆವು. ಹತ್ತು ಹೆಜ್ಜೆ, ನಿಲ್ಲು, ಮತ್ತೆ ಹತ್ತು ಹೆಜ್ಜೆ.

ದೂರದಿಂದ ಕಾಡು ಕಾಡಿನ ಹಾಗೆ ಕಾಣುವುದಿಲ್ಲ. ಕಂದು ಬೆಟ್ಟದ ಮೇಲೆ ಯಾರೋ ಕರಿ ಕಂಬಳಿಯ ತುಂಡು ಒಗೆದ ಹಾಗೆ ಅಲ್ಲೊಂದು ಇಲ್ಲೊಂದು ಕಪ್ಪು ಮಚ್ಚೆ. ಒಳಗೆ ಕಾಲಿಟ್ಟ ಮೇಲೆ ಗೊತ್ತಾಗುತ್ತದೆ. ಗಾಳಿ ನಿಂತಿತು. ಚಳಿ ಕಡಿಮೆಯಾಯಿತು. ಬಂಡೆ, ಬೇರು, ಬಿದ್ದ ಕೊಂಬೆ ಎಲ್ಲದರ ಮೇಲೂ ಅಂಗೈ ದಪ್ಪದ ಪಾಚಿ, ಒತ್ತಿದರೆ ನೀರು ಒಸರುತ್ತದೆ. ಮರಗಳು ನೆಟ್ಟಗಿಲ್ಲ, ಮುದುಕರ ಬೆರಳಿನ ಹಾಗೆ ತಿರುಚಿಕೊಂಡಿವೆ. ಸಿಪ್ಪೆ ಕೆಂಪು ಕಂದು ಬಣ್ಣ. ಒಣಗಿದ ಬಾಳೆಪಟ್ಟೆ ಹೇಗೆ ಪದರವಾಗಿ ಬಿಟ್ಟುಕೊಂಡಿರುತ್ತದೋ ಹಾಗೆ, ಆದರೆ ಪೇಪರಿಗಿಂತ ತೆಳು. ಒಂದು ಪದರ ಬಿಡಿಸಿದರೆ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತದೆ. ಈ ಪದರಗಳೇ ಮರಕ್ಕೆ ಕಂಬಳಿ.

ಗೈಡ್ ಕೈ ಎತ್ತಿ ನಿಲ್ಲಿಸಿದರು. ಕೇಳಿ ಎಂದು ಕಿವಿ ತೋರಿಸಿದರು. ನನಗೆ ಹಕ್ಕಿಯ ಕೂಗು ಯಾವುದೂ ಕೇಳಲಿಲ್ಲ. ಕೇಳಿದ್ದು ಬೇರೆ. ಪರ್ ಪರ್ ಎಂದು ಏನೋ ಹರಿಯುವ ಸಣ್ಣ ಸದ್ದು, ಒಣ ಅಡಿಕೆ ಹಾಳೆಯನ್ನು ಉಗುರಿನಲ್ಲಿ ಸಿಗಿದ ಹಾಗೆ. ತಲೆ ಎತ್ತಿದರೆ ಕೊಂಬೆಯಿಂದ ಕೆಂಪು ಸಿಪ್ಪೆಯ ಚೂರುಗಳು ಉದುರುತ್ತಿವೆ. ಅಲ್ಲಿತ್ತು ಜೈಂಟ್ ಕೋನ್‌ಬಿಲ್. ಬೂದು ಬೆನ್ನು, ಇಟ್ಟಿಗೆ ಬಣ್ಣದ ಹೊಟ್ಟೆ, ಬಿಳಿ ಕೆನ್ನೆ, ಚೂಪು ಕೊಕ್ಕು. ಪದರ ಎಬ್ಬಿಸುವುದು, ಒಳಗೆ ಅಡಗಿದ ಹುಳು ಹಿಡಿಯುವುದು, ಒಂದು ಹೆಜ್ಜೆ ಮೇಲೆ ಹೋಗುವುದು, ಮತ್ತೆ ಎಬ್ಬಿಸುವುದು. ಅದು ಕಾಣುವ ಮೊದಲು ಅದರ ಕೆಲಸ ಕೇಳುತ್ತದೆ. ನಾನು ಎಷ್ಟೋ ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ, ಮರದ ಸದ್ದಿನಿಂದ ಹಕ್ಕಿ ಸಿಕ್ಕಿದ್ದು ಇದೇ ಮೊದಲು. ಈ ಮರವಿಲ್ಲದೆ ಈ ಹಕ್ಕಿ ಇಲ್ಲ ಎಂಬುದನ್ನು ಇನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಸಣ್ಣ ಗುಂಪೊಂದು ಬಂತು. ಅದರಲ್ಲಿ ವೈಟ್-ಬ್ರೌಡ್ ಟಿಟ್-ಸ್ಪೈನ್‌ಟೇಲ್, ಬಿಳಿ ಹುಬ್ಬು, ಕಂದು ನೆತ್ತಿ. ಪೆರುವಿನ ಈ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಅದರ ಹಿಂದೆಯೇ ಆಶ್-ಬ್ರೆಸ್ಟೆಡ್ ಟಿಟ್-ಟೈರಂಟ್, ಬೂದು ಬಣ್ಣದ ಗುಬ್ಬಚ್ಚಿ ಗಾತ್ರದ್ದು, ತಲೆಯ ಮೇಲೆ ಎರಡು ಕವಲಿನ ಜುಟ್ಟು. ಎರಡೂ ಅಳಿವಿನ ಅಂಚಿನ ಪಟ್ಟಿಯಲ್ಲಿರುವ ಹಕ್ಕಿಗಳು, ಎರಡೂ ಈ ಮರಗಳನ್ನೇ ನಂಬಿದವು.

ನಾನು ಮುಖ್ಯವಾಗಿ ಬಂದದ್ದು ರಾಯಲ್ ಸಿಂಕ್ಲೋಡಿಸ್ ನೋಡಲು. ಪೆರು ಮತ್ತು ಬೊಲಿವಿಯಾದಲ್ಲಿ ಮಾತ್ರ ಇದೆ. ಪ್ರಾಯಕ್ಕೆ ಬಂದ ಹಕ್ಕಿಗಳು ಇಡೀ ಜಗತ್ತಿನಲ್ಲಿ 250ಕ್ಕಿಂತ ಕಡಿಮೆ ಎಂದು ಅಂದಾಜು. ನೆಲದ ಪಾಚಿಯನ್ನು ಕೊಕ್ಕಿನಿಂದ ಕಿತ್ತು ಎಸೆದು ಹುಳು ಹುಡುಕುವ ಕಂದು ಹಕ್ಕಿ. ಮೂರು ಗಂಟೆ ಕಾದೆವು. ಒಂದು ಕಡೆ ಗೈಡ್ ಕುಕ್ಕರುಗಾಲಲ್ಲಿ ಕೂತು ಬೆರಳು ತೋರಿಸಿದರು. ಅಂಗೈಯಗಲದ ಪಾಚಿ ಬುಡಮೇಲಾಗಿ ಬಿದ್ದಿತ್ತು, ಕೆಳಗಿನ ಮಣ್ಣು ಇನ್ನೂ ಒದ್ದೆ, ಕಪ್ಪಗೆ. ಪಕ್ಕದಲ್ಲಿ ಇನ್ನೊಂದು, ಮುಂದೆ ಮತ್ತೊಂದು. ಹಕ್ಕಿ ಈಗಷ್ಟೇ ಇಲ್ಲಿತ್ತು. ಮತ್ತೆ ಮಂಜು ಕವಿಯಿತು, ಐದಡಿ ಆಚೆ ಕಾಣದ ಹಾಗೆ. ಕಾಣಲಿಲ್ಲ ಎಂದು ಬೇಸರವೇನೋ ಆಯಿತು, ಆದರೆ ಆ ಒದ್ದೆ ಮಣ್ಣು ನೋಡಿದ್ದೇ ನನಗೆ ದೊಡ್ಡದು. ಅದು ಇದೆ.

ಈ ಕಾಡು ಸರ್ಕಾರದ್ದಲ್ಲ. ಥಸ್ತಾಯೋಕ್ ಎಂಬ ಸಮುದಾಯದ್ದು. ಪೆರುವಿನ ಕಾನೂನಿನಲ್ಲಿ ಒಂದು ಊರು ತನ್ನದೇ ಜಮೀನನ್ನು ಖಾಸಗಿ ಸಂರಕ್ಷಿತ ಪ್ರದೇಶ ಎಂದು ನೋಂದಾಯಿಸಬಹುದು. ಜಮೀನು ಊರಿನದೇ ಆಗಿ ಉಳಿಯುತ್ತದೆ, ಎಲ್ಲಿ ಮೇಯಿಸಬೇಕು, ಎಲ್ಲಿ ಬೇಡ ಎಂಬುದನ್ನು ಊರಿನ ಸಭೆಯೇ ತೀರ್ಮಾನಿಸುತ್ತದೆ. ಇಕೋಆನ್‌ನವರು ಮೊದಲ ದಿನದಿಂದ ಊರಿನವರ ಜೊತೆ ಕೂತು ಮಾಡಿದ ಕೆಲಸ ಇದು. ಕಾಡು ಉಳಿಸಬೇಕೆಂದರೆ ಜನರನ್ನು ಹೊರಗೆ ಹಾಕಬೇಕು ಎಂಬ ವಾದ ನಮ್ಮಲ್ಲಿ ಪದೇ ಪದೇ ಕೇಳುತ್ತದೆ. ನನಗೂ ಒಂದು ಕಾಲದಲ್ಲಿ ಹಾಗೇ ಅನಿಸುತ್ತಿತ್ತು. ಈಗ ಅನಿಸುವುದಿಲ್ಲ.

ದಿನ 4: ಮಳೆ

ದಿನವಿಡೀ ಮಳೆ, ನಡುವೆ ಆಲಿಕಲ್ಲು. ಅಜ್ಜಿಯ ಅಡುಗೆಮನೆಯಲ್ಲೇ ಕೂತೆವು. ಕಾಲಡಿಯಲ್ಲಿ ಸಾಕಿದ ಗಿನಿಪಿಗ್‌ಗಳು ಕೀಚು ಕೀಚು ಎನ್ನುತ್ತಾ ಓಡಾಡುತ್ತಿದ್ದವು. ಒಲೆ ಮಣ್ಣಿನದು, ಹೊಗೆ ಕೊಳವೆ ಇದೆ, ಕಟ್ಟಿಗೆ ಕಡಿಮೆ ಸಾಕು. ನಮ್ಮ ಅಸ್ತ್ರ ಒಲೆಯ ಅಣ್ಣತಮ್ಮನ ಹಾಗಿತ್ತು. ಗಿಡ ನೆಡಿ ಎಂದು ಹೇಳುವುದಕ್ಕೆ ಮೊದಲು ಇಕೋಆನ್‌ನವರು ಇಂಥ ಒಲೆ, ಸೋಲಾರ್ ದೀಪ, ಉರುವಲಿಗೆ ಬೇರೆ ಗಿಡ ಎಲ್ಲ ಕೊಟ್ಟರಂತೆ. ಬೇಯಿಸಿಕೊಳ್ಳಲು ದಾರಿ ಇಲ್ಲದವರಿಗೆ ಮರ ಕಡಿಯಬೇಡಿ ಅಂದರೆ ಯಾರು ಕೇಳುತ್ತಾರೆ.

"ಕೆವೂನ್ಯಾದ ಕೆಂಡ ಬಹಳ ಹೊತ್ತು ಇರುತ್ತದೆ" ಅಂದರು ಅಜ್ಜಿ. "ಅವ್ವನ ಜೊತೆ ಹೋಗಿ ಹೊರೆ ಹೊತ್ತು ತರುತ್ತಿದ್ದೆ. ನಾನು ಕಡಿದಷ್ಟು ಮರ ಇನ್ನೂ ನೆಟ್ಟಿಲ್ಲ." ಗೈಡ್ ಇದನ್ನು ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಭಾವ ಒಲೆಗೆ ಒಂದು ಕಟ್ಟಿಗೆ ತಳ್ಳಿದರು.

ದಿನ 5: ನೆಡುವ ದಿನ

ಬೆಳಿಗ್ಗೆ ಶಂಖದ ಸದ್ದಿಗೆ ಎಚ್ಚರವಾಯಿತು. ನಿಜವಾದ ಶಂಖ. ಸಮುದ್ರ ಎಲ್ಲಿ, ಈ ಬೆಟ್ಟ ಎಲ್ಲಿ! ಇಂಕಾಗಳ ಕಾಲದಿಂದಲೂ ಜನ ಸೇರಿಸಲು ಊದುವುದಂತೆ, ಪುತುತು ಎನ್ನುತ್ತಾರೆ. ಈ ದಿನಕ್ಕೆ ಕೆವೂನ್ಯಾ ರಾಯ್ಮಿ ಎಂದು ಹೆಸರು, ರಾಯ್ಮಿ ಎಂದರೆ ಹಬ್ಬ. ಮಳೆಗಾಲ ಕೂತ ಮೇಲೆ, ಡಿಸೆಂಬರ್ ಆಸುಪಾಸಿನಲ್ಲಿ ಒಂದೊಂದು ಕಣಿವೆಯಲ್ಲೂ ನಡೆಯುತ್ತದೆ.

ಮೈದಾನದಲ್ಲಿ ಇಡೀ ಊರು. ಗಂಡಸರಿಗೆ ಕೆಂಪು ಪೊಂಚೊ, ಹೆಂಗಸರಿಗೆ ಕೆಂಪು ಶಾಲು, ಕರಿ ಲಂಗ. ಈ ಕಣಿವೆಯವರನ್ನು ವೈರೂರು ಎಂದು ಕರೆಯುತ್ತಾರೆ, ಅದು ಅರ್ಧ ಕೆಂಪು ಅರ್ಧ ಕಪ್ಪಿನ ಒಂದು ಕಾಳಿನ ಹೆಸರು. ನಮ್ಮ ಗುಲಗಂಜಿ ನೆನಪಾಯಿತು. ನನಗೂ ಒಂದು ಪೊಂಚೊ ಹೊದಿಸಿದರು, ಮಳೆ ಕೋಟು ಇಲ್ಲವಲ್ಲ. ಉಣ್ಣೆಯ ಭಾರ, ಕುರಿಯ ವಾಸನೆ, ಒಳಗೆ ಬೆಚ್ಚಗೆ.

ಹಿರಿಯರೊಬ್ಬರು ಮೂರು ಕೋಕಾ ಎಲೆಗಳನ್ನು ಬೆರಳ ಸಂದಿ ಜೋಡಿಸಿ ಹಿಡಿದು ಬೆಟ್ಟದ ಕಡೆ ಊದಿದರು. ಮೆಕ್ಕೆಜೋಳದ ಹೆಂಡ ಚಿಚಾವನ್ನು ಮೊದಲು ನೆಲಕ್ಕೆ ಚೆಲ್ಲಿ ಆಮೇಲೆ ಕುಡಿದರು. ಅದು ಪಾಚಮಾಮಳಿಗೆ, ಎಂದರೆ ಭೂಮಿತಾಯಿಗೆ. ಭಾವ ಚಪ್ಪಲಿ ಬಿಟ್ಟು ನಿಂತಿದ್ದರು, ಆ ಚಳಿಯಲ್ಲಿ! "ಭೂಮಿ ಹುಣ್ಣಿಮೆ ದಿನ ಗದ್ದೆಗೆ ಬಯಕೆ ಊಟ ಬಡಿಸ್ತೀವಲ್ಲ, ಅದೇ ಇದು" ಎಂದರು. ನಾನು ಗೈಡ್‌ಗೆ ಹೇಳಿದೆ, ಗೈಡ್ ಹಿರಿಯರಿಗೆ ಹೇಳಿದರು. ನಿಮ್ಮಲ್ಲೂ ಭೂಮಿ ಬಸುರಿಯಾಗುತ್ತಾಳಾ ಎಂದು ಅವರು ಕೇಳಿದರು. ಹೌದು ಎಂದರು ಭಾವ.

ಆಮೇಲೆ ಹತ್ತುವುದು. ಹೆಂಗಸರು ಬಣ್ಣದ ಬಟ್ಟೆಯಲ್ಲಿ ಗಿಡಗಳನ್ನು ಮಗುವಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಿದ್ದರು. ಲಾಮಾಗಳ ಬೆನ್ನಿನ ಮೇಲೂ ಗಿಡ. ಹತ್ತು ವರ್ಷದ ಹುಡುಗಿಯೊಬ್ಬಳು ನನ್ನನ್ನು ಮೂರು ಸಲ ದಾಟಿ ಹೋದಳು, ಪ್ರತಿ ಸಲವೂ ಬೆನ್ನ ತುಂಬ ಗಿಡ.

ನೆಡುವ ಕ್ರಮ ಹೀಗೆ. ಬಂಡೆಯ ಮಗ್ಗುಲು ಹುಡುಕಬೇಕು. ಬಂಡೆ ಹಗಲು ಹೀರಿದ ಬಿಸಿಲನ್ನು ರಾತ್ರಿ ಗಿಡಕ್ಕೆ ಕೊಡುತ್ತದೆ, ಗಾಳಿಯನ್ನೂ ತಡೆಯುತ್ತದೆ. ಗಂಡಸರು ಕಾಲಿನಿಂದ ಒತ್ತುವ ಮರದ ನೇಗಿಲಿನಲ್ಲಿ ಹುಲ್ಲಿನ ಹೆಂಟೆ ಎಬ್ಬಿಸುತ್ತಾರೆ. ಕೊಟ್ಟೆ ಹರಿದು ಬೇರುಂಡೆ ಒಡೆಯದ ಹಾಗೆ ಇಳಿಸಬೇಕು, ಮಣ್ಣು ತುಂಬಿ ಹಿಮ್ಮಡಿಯಲ್ಲಿ ಒತ್ತಬೇಕು. ಕಿತ್ತ ಹೆಂಟೆಯನ್ನು ಬುಡಮೇಲು ಮಾಡಿ ಗಿಡದ ಸುತ್ತ ಇಟ್ಟರೆ ತೇವ ಆರುವುದಿಲ್ಲ. ಖಾಲಿ ಕೊಟ್ಟೆಗಳನ್ನು ಮಕ್ಕಳು ಒಂದೂ ಬಿಡದೆ ಹೆಕ್ಕಿ ಚೀಲಕ್ಕೆ ತುಂಬುತ್ತಾರೆ.

ಭಾವ ತಮ್ಮ ಸಾಲು ಎಣಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಲವತ್ತಮೂರು. ನಡುವೆ ಗೈಡನ್ನು ಕೇಳಿದರು, "ಕೂಲಿ ಎಷ್ಟು ಇವರಿಗೆ?"

ಈ ಪ್ರಶ್ನೆಗೆ ಉತ್ತರವೇ ಇಡೀ ಪ್ರವಾಸದ ಒಡಲು. ನರ್ಸರಿಯಂಥ ಕೆಲಸಕ್ಕೆ ಸಂಬಳ ಇದೆ. ಆದರೆ ಈ ದಿನದ ಕೆಲಸ ನಡೆಯುವುದು ಐನಿಯಲ್ಲಿ, ಮಿಂಕಾದಲ್ಲಿ. ಐನಿ ಎಂದರೆ ಇವತ್ತು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಮಿಂಕಾ ಎಂದರೆ ಇಡೀ ಊರಿನ ಕೆಲಸಕ್ಕೆ ಇಡೀ ಊರು ಬರುವುದು. ಭಾವ ಹಾರೆ ಬಿಟ್ಟು ನೆಟ್ಟಗೆ ನಿಂತರು. "ಏ, ಇದು ಮುಯ್ಯಾಳು ಕಣೋ!"

ಮುಯ್ಯಾಳೇ. ನಾಟಿಗೆ, ಕೊಯ್ಲಿಗೆ, ಮನೆ ಹೊದಿಸಲಿಕ್ಕೆ ನಮ್ಮ ಮಲೆನಾಡಿನಲ್ಲಿ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದದ್ದು ಹೀಗೇ. ಅದನ್ನೇ ಇವರು ಕಾಡಿಗೆ ತಂದಿದ್ದಾರೆ. 2022ರಲ್ಲಿ ಔಕಾ ಅವರಿಗೆ ವಿಶ್ವಸಂಸ್ಥೆಯ ಚಾಂಪಿಯನ್ಸ್ ಆಫ್ ದಿ ಅರ್ತ್ ಗೌರವ ಬಂತು, 2023ರಲ್ಲಿ ಆಕ್ಸಿಯೋನ್ ಆಂದಿನಾಗೆ ಪರಿಸರದ ಕೆಲಸಕ್ಕೆ ಕೊಡುವ ಅರ್ತ್‌ಶಾಟ್ ಬಹುಮಾನ. ಅಷ್ಟರಲ್ಲಿ ಐದು ದೇಶ ಸೇರಿ ಸುಮಾರು 1 ಕೋಟಿ ಗಿಡ ನೆಟ್ಟಿದ್ದರು. 10 ಲಕ್ಷ ಹೆಕ್ಟೇರ್ ಉಳಿಸಿ ಬೆಳೆಸುವ ಗುರಿ ಇದೆ. ಇಷ್ಟು ದೊಡ್ಡ ಲೆಕ್ಕದ ಬುಡದಲ್ಲಿ ಇರುವುದು ಈ ಹಳೇ ಸಾಲದ ಲೆಕ್ಕ. ನಮ್ಮಲ್ಲಿ ಜೂನ್‌ನಲ್ಲಿ ಗಿಡ ನೆಟ್ಟು ಫೋಟೊ ತೆಗೆಸಿಕೊಂಡವರು ಜುಲೈನಲ್ಲಿ ತಿರುಗಿ ನೋಡದೇ ಇರುವುದನ್ನು ಎಷ್ಟು ಸಲ ನೋಡಿಲ್ಲ? ಇಲ್ಲಿ ಪಕ್ಕದ ಮನೆಯವನು ಕೊಟ್ಟ ದಿನ ಆ ಗಿಡದಲ್ಲಿದೆ. ಅದಕ್ಕೆ ಕುರಿ ಬಿಡಲು ಮನಸ್ಸು ಬರುವುದಿಲ್ಲ, ಬೇಲಿ ಮುರಿದರೆ ಸುಮ್ಮನಿರಲು ಆಗುವುದಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಈ ಮರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತದೆ. ನಾವು ನೆಟ್ಟ ಗಿಡದಲ್ಲಿ ಕೋನ್‌ಬಿಲ್ ಎಬ್ಬಿಸುವಂಥ ಸಿಪ್ಪೆ ಬರಲು ದಶಕಗಳು ಬೇಕು. ಅಲ್ಲಿಯವರೆಗೆ ಆ ಹಕ್ಕಿಗೆ ಇರುವುದು ಮೊನ್ನೆ ನೋಡಿದಂಥ ಹಳೇ ತುಂಡು ಕಾಡುಗಳೇ. ಹಾಗಾಗಿ ಹೊಸದು ನೆಡುವುದಕ್ಕಿಂತ ಮೊದಲು ಹಳೆಯದಕ್ಕೆ ಬೇಲಿ. ಇಲ್ಲಿಯವರಿಗೆ ಇದು ಗೊತ್ತು, ನೆಟ್ಟ ಜಾಗಗಳೆಲ್ಲ ಹಳೇ ಕಾಡಿನ ಅಂಚಿಗೇ ಇದ್ದವು.

ಮಧ್ಯಾಹ್ನ ಎಲ್ಲರೂ ತಮ್ಮ ಗಂಟು ಬಿಚ್ಚಿ ಒಂದೇ ಬಟ್ಟೆಯ ಮೇಲೆ ಸುರಿದರು. ನಾಲ್ಕು ಬಣ್ಣದ ಬೇಯಿಸಿದ ಆಲೂಗಡ್ಡೆ, ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ ಚುನ್ಯೊ, ಮೆಕ್ಕೆಜೋಳ, ಚೀಸ್, ಅರೆದ ಹಸಿಮೆಣಸಿನ ಚಟ್ನಿ. ಭಾವ ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ತೆರೆದು ನಡುವೆ ಇಟ್ಟರು. ಅಜ್ಜಿ ಒಂದು ಮಿಡಿ ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಇನ್ನೊಂದು ತೆಗೆದುಕೊಂಡರು.

ದಿನ 6: ಇಳಿದು ಬಂದದ್ದು

ಪೊಂಚೊ ಮಡಿಸಿ ಕೊಟ್ಟೆ. ಅಜ್ಜಿ ಭಾವನ ಕೈ ಹಿಡಿದುಕೊಂಡು ಏನೋ ಹೇಳಿದರು. ಗೈಡ್ ಹೇಳಿದ್ದು ಇಷ್ಟು: ನೀವು ಒಂದು ದಿನ ಕೊಟ್ಟಿದ್ದೀರಿ, ನಮ್ಮ ಮೇಲೆ ಒಂದು ದಿನ ಇದೆ. ನಾನು ಏನು ಹೇಳಲಿ ಎಂದು ಭಾವನನ್ನು ಕೇಳಿದೆ. "ನಮ್ಮೂರಿಗೆ ಬರೋದು ಕಷ್ಟ, ಅವ್ರ ಲೆಕ್ಕದಲ್ಲಿ ನಮ್ಮೂರಲ್ಲೇ ಆಳು ಕರೀತೀನಿ ಅಂತ ಹೇಳು" ಅಂದರು. ಅಜ್ಜಿ ತಲೆಯಾಡಿಸಿದರು, ಅದು ಆಗುತ್ತದೆ ಎನ್ನುವ ಹಾಗೆ.

ಆರು ತಿಂಗಳಾಯಿತು. ಮೊನ್ನೆ ಭಾವ ಫೋನ್ ಮಾಡಿದ್ದರು. ಸೊಪ್ಪಿನ ಬೆಟ್ಟದ ಮೇಲಂಚಿಗೆ ನೇರಳೆ, ಹಲಸು, ಧೂಪ, ರಂಜಲು ಗಿಡ ತಯಾರು ಮಾಡಿಕೊಂಡಿದ್ದಾರೆ. ಹನ್ನೊಂದು ಮನೆಯವರು ಒಪ್ಪಿದ್ದಾರೆ. ಭಾನುವಾರ ಇವರ ಬೆಟ್ಟ, ಮುಂದಿನ ಭಾನುವಾರ ಆಚೆಮನೆಯವರದು. ದನ ಬರದ ಹಾಗೆ ಬೇಲಿ ಮೊದಲೇ ಆಗಿದೆ. "ನೀನೂ ಬಾ, ಅಜ್ಜಿ ಲೆಕ್ಕದ ಆಳು ನೀನೇ" ಅಂದರು. ಶನಿವಾರ ರಾತ್ರಿ ಬಸ್ಸಿಗೆ ಸೀಟು ಮಾಡಿಸಿದ್ದೇನೆ.